ಅಣ್ಣನ ಮುನಿಸಿಗೆ ದುಡ್ಡು ಕೊಡುವುದನ್ನು ನಿಲ್ಲಿಸಿದೆ

ಈ ಸಲ ಮದುವೆ ಸೀಸನ್‌ನಲ್ಲಿ ಹತ್ತಿರ ಹತ್ತಿರ 40 ಅಡುಗೆ ಮುಗಿಸಿದೆವು. ಮೊದಲೆಲ್ಲ ಮುನಿಸಿಕೊಂಡು ಕೊನೆ ಗಳಿಗೆಯಲ್ಲಿ ಬರಲ್ಲ ಅನ್ನುತ್ತಿದ್ದ ಅಣ್ಣ ಒಂದರಲ್ಲೂ ಕೈಕೊಡಲಿಲ್ಲ. ಚಿಕ್ಕಪ್ಪ, ಅತ್ತಿಗೆ, ಕೊನೆಗೆ ನನ್ನ ಹೆಂಡತಿಯೂ "ಇದು ಆಗೋ ಮಾತಲ್ಲ" ಅಂದಿದ್ದರು. ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ವಲ್ನರಬಲ್ ನಾರ್ಸಿಸಿಸಂ, ಅಂದರೆ ಸಣ್ಣ ಮಾತಿಗೂ ಒಳಗೇ ನೋಯುವ ಸ್ವಪ್ರತಿಷ್ಠೆ, ಇರುವವರ ಜೊತೆ ಬದುಕುತ್ತಿರುವವರಿಗೆ ಅದೇನು ಅಂತ ವಿವರಿಸಬೇಕಿಲ್ಲ. 1991ರಲ್ಲಿ ಪಾಲ್ ವಿಂಕ್ ಅನ್ನುವ ಮನಶ್ಶಾಸ್ತ್ರಜ್ಞರು ನಾರ್ಸಿಸಿಸಂಗೆ ಎರಡು ಮುಖ ಅಂತ ಬೇರ್ಪಡಿಸಿದರಲ್ಲ, ಅದರಲ್ಲಿ ಮೆರೆಯದ ಮುಖ. ಮನಸ್ಸಿನೊಳಗೆ "ನನ್ನಂಥವನಿಲ್ಲ", ಬಾಯಲ್ಲಿ "ನನ್ನನ್ನು ಕೇಳುವವರೇ ಇಲ್ಲ". ಅಣ್ಣನಿಗೆ ಯಾವ ಡಾಕ್ಟರೂ ಈ ಹೆಸರು ಬರೆದುಕೊಟ್ಟಿಲ್ಲ. ಓದಿ ನಾನೇ ಇಟ್ಟುಕೊಂಡ ಹೆಸರು.

ನಾವು ಸಾಗರದ ಕಡೆ ಅಡುಗೆ ಕಾಂಟ್ರಾಕ್ಟ್ ಮಾಡುವವರು. ಒಲೆ ಅಣ್ಣನದು, ಲೆಕ್ಕ, ಸಾಮಾನು, ಆಳು ನನ್ನದು. ಅವನ ಕೈರುಚಿಗೆ ಈ ಸುತ್ತಿನಲ್ಲಿ ಸಾಟಿ ಇಲ್ಲ. ಆದರೆ ಬೀಗರಲ್ಲಿ ಯಾರಾದರೂ "ಹುಳಿಗೆ ಉಪ್ಪು ಸ್ವಲ್ಪ ಕಮ್ಮಿ" ಅಂದರೆ ಮುಗಿಯಿತು. ಜಗಳ ಆಡುವುದಿಲ್ಲ, ಮಾತು ನಿಲ್ಲಿಸುತ್ತಾನೆ. ಊಟ ಬಿಡುತ್ತಾನೆ. "ಬೆವರಿಗೆ ಬೆಲೆ ಇಲ್ಲದ ಜಾಗ" ಅಂತ ವಾಟ್ಸಾಪ್ ಸ್ಟೇಟಸ್ ಹಾಕುತ್ತಾನೆ. ಮುಂದಿನ ಅಡುಗೆಯ ಹಿಂದಿನ ರಾತ್ರಿ ಫೋನ್: "ನನ್ನಿಂದ ಆಗಲ್ಲ. ಯಾರಾದ್ರೂ ಒಳ್ಳೆ ಭಟ್ಟರನ್ನ ಕರ್ಕೋ."

2022ರಲ್ಲಿ 600 ಎಲೆಯ ಮದುವೆಗೆ ಹೀಗೇ ಮಾಡಿದ. ರಾತ್ರಿ 11ಕ್ಕೆ ಶಿವಮೊಗ್ಗದಿಂದ ಬೇರೆ ತಂಡ ಕರೆಸಿದೆ. ದುಪ್ಪಟ್ಟು ಕೂಲಿ, ಗಾಡಿ ಬಾಡಿಗೆ, ಆಮೇಲೆ ಯಜಮಾನರು ಮುರಿದುಕೊಂಡ ದುಡ್ಡು, ಎಲ್ಲ ಸೇರಿ ಸುಮಾರು 40 ಸಾವಿರ ಹೋಯಿತು.

ಮೊದಲು ಹೊಗಳಿ ನೋಡಿದೆ. ಎರಡು ವಾರ ಚೆನ್ನಾಗಿತ್ತು. ಆಮೇಲೆ "ನಿನ್ನೆ ಹೋಳಿಗೆ ಬಗ್ಗೆ ಏನೂ ಹೇಳ್ಲಿಲ್ಲ" ಅಂತ ಶುರುವಾಯಿತು. ಚಿಕ್ಕಪ್ಪನ ಮನೆ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ ಮಾತಾಡಿದೆ. ಅವನು ಅತ್ತ. ಕೊನೆಗೆ ಕ್ಷಮೆ ಕೇಳಿದ್ದು ನಾನು. ದೊಡ್ಡ ತಪ್ಪು ಮಾಡಿದ್ದು ಈ ಗುಣ ಅಳೆಯಲು ಹೆಂಡಿನ್ ಮತ್ತು ಚೀಕ್ ಅನ್ನುವ ಸಂಶೋಧಕರು 1997ರಲ್ಲಿ ಮಾಡಿದ 10 ಪ್ರಶ್ನೆಗಳ ವಿಷಯದಲ್ಲಿ. ಕನ್ನಡ ಮಾಡಿ, ಪ್ರಿಂಟ್ ತೆಗೆದು ಅವನ ಕೈಗೇ ಕೊಟ್ಟೆ. ಆರು ವಾರ ನನ್ನ ಮುಖ ನೋಡಲಿಲ್ಲ. ಯಾರೂ ಈ ಕೆಲಸ ಮಾಡಬೇಡಿ. ಅದೇ ಹಾಳೆಗೆ ನಾನೂ ಉತ್ತರ ಬರೆದೆ. ಅಂಕ ಹೆಚ್ಚಾದಷ್ಟೂ ಈ ಗುಣ ಹೆಚ್ಚು ಅಂತ ಲೆಕ್ಕ. ನನಗೇ 50ಕ್ಕೆ 30ರ ಮೇಲೆ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ. ಅವನ ನೋವು ನಾಟಕ ಅಲ್ಲ ಅಂತ ನನಗೆ ಅರ್ಥವಾಗಿದ್ದು ಆವತ್ತು.

ದಾರಿ ಸಿಕ್ಕಿದ್ದು ಲೆಕ್ಕದ ಪುಸ್ತಕದಲ್ಲಿ. 2023ರ ಆಷಾಢದಲ್ಲಿ ಕೆಲಸ ಇರಲಿಲ್ಲ, ಹಳೆ ಲೆಕ್ಕ ಕೂಡಿಸುತ್ತಾ ಕೂತಿದ್ದೆ. ಅಣ್ಣನ ಬೈಕ್ ಕಂತು, ಹೊಸ ಫೋನ್, ಅತ್ತಿಗೆಗೆ ಉಂಗುರ. ಎರಡು ವರ್ಷಕ್ಕೆ ಎರಡೂವರೆ ಲಕ್ಷದ ಹತ್ತಿರ. ತಾರೀಕು ನೋಡಿದರೆ ಒಂದೊಂದೂ ಅವನು ಮುನಿಸಿಕೊಂಡ ಎರಡು ಮೂರು ದಿನಕ್ಕೆ ಕೊಟ್ಟದ್ದು. ಚೆನ್ನಾಗಿದ್ದ ದಿನ ಒಂದು ರೂಪಾಯಿಯೂ ಕೊಟ್ಟಿರಲಿಲ್ಲ. ಸುಮ್ನೆ ಕೂತು ಮಾತಾಡಿದ್ದೂ ನೆನಪಿಗೆ ಬರಲಿಲ್ಲ.

ಅದನ್ನು ತಿರುಗಿಸಿದೆ. ಪ್ರತಿ ತಿಂಗಳು 5ನೇ ತಾರೀಕು ಅವನ ಪಾಲು ಖಾತೆಗೆ ಹೋಗುತ್ತದೆ, ಮುನಿಸಿರಲಿ ಬಿಡಲಿ. ಅಡುಗೆ ಇಲ್ಲದ ದಿನ ಸಂಜೆ ಅವನ ಮನೆಗೆ ಹೋಗಿ ಟೀ ಕುಡಿದು ಬರುತ್ತೇನೆ. ಮುನಿಸಿಕೊಂಡಾಗ ಮಾತ್ರ ಏನೂ ಜಾಸ್ತಿ ಇಲ್ಲ, ಏನೂ ಕಮ್ಮಿ ಇಲ್ಲ. ಇನ್ನೊಬ್ಬ ಭಟ್ಟರಿಗೆ ಅಡುಗೆಗೆ 1,500 ಅಂತ ಕೊಟ್ಟು ಸಿದ್ಧವಾಗಿರಲು ಹೇಳಿದೆ. ಇದನ್ನು ಅಣ್ಣನಿಗೆ ಅವನು ನಗುನಗುತ್ತಾ ಇದ್ದ ದಿನವೇ ತಿಳಿಸಿದೆ: "ನೀನು ಬರದ ದಿನ ಅವರು ಮಾಡ್ತಾರೆ, ಆ ದಿನದ ದುಡ್ಡು ಅವರಿಗೆ."

ಮೊದಲ ಮೂರು ತಿಂಗಳು ಇನ್ನೂ ಕೆಟ್ಟಿತು. ಮಾವನ ಮನೆಗೆ ಹೊಸನಗರಕ್ಕೆ ಹೋದವನು 19 ದಿನ ಬರಲಿಲ್ಲ. ಊರಲ್ಲೆಲ್ಲ ನಾನೇ ಹೊರಗೆ ಹಾಕಿದೆ ಅಂತ ಸುದ್ದಿ. ಅಮ್ಮ ನನ್ನ ಜೊತೆ ಮಾತು ಬಿಟ್ಟರು. ದಿನಾ ರಾತ್ರಿ 8ಕ್ಕೆ ಒಂದು ಫೋನ್ ಮಾಡುತ್ತಿದ್ದೆ. "ಊಟ ಆಯ್ತಾ? ಗುರುವಾರ 300 ಎಲೆ ಇದೆ, ಬರ್ತೀಯಾ?" ಅಷ್ಟೇ. ಯಾಕೆ, ಏನು ಅಂತ ಕೇಳಲಿಲ್ಲ, ನನ್ನ ಕಡೆಯ ನ್ಯಾಯವನ್ನೂ ಹೇಳಲಿಲ್ಲ. 20ನೇ ದಿನ ಬೆಳಗಿನ ಜಾವ 4ಕ್ಕೆ ಬಂದು ಒಲೆ ಹಚ್ಚಿದ. "ಬೆಲ್ಲ ಎಷ್ಟು ತರ್ಸಿದ್ದೀಯ?" ಅಂದ. ಹೇಳಿದೆ.

ಒಂದು ಕಡೆ ನಿಯಮ ಮುರಿದೆ, ನೀವೂ ಮುರಿಯಲೇಬೇಕು. ಆ 19 ದಿನಗಳಲ್ಲಿ ಒಂದು ರಾತ್ರಿ "ನಾನೇ ಇಲ್ದಿದ್ರೆ ನಿಮಗೆಲ್ಲ ಸುಖ" ಅಂದ. ಇದು ಮುನಿಸೋ ಬೇರೆಯೋ ಅಂತ ಅಳೆಯುತ್ತಾ ಕೂರಲಿಲ್ಲ. ಗಾಡಿ ತೆಗೆದುಕೊಂಡು ಹೋಗಿ ಅವನ ಪಕ್ಕದಲ್ಲೇ ಮಲಗಿದೆ. ದಾರಿಯಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕೇಳಿಕೊಂಡಿದ್ದೆ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಆಮೇಲೆ ಎರಡು ಸಲ ಅಣ್ಣನೇ ಮಾತಾಡಿದ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಅವನ ಸ್ಟೇಟಸ್ ನೋಡುವುದನ್ನು ಬಿಟ್ಟೆ. ಎರಡು ತಿಂಗಳಲ್ಲಿ ಅಂಥವು ಕಮ್ಮಿಯಾದವು. ಊಟ ಮಾಡಿದವರ ಮೆಚ್ಚುಗೆ ಬರೆಸಲು ಒಂದು ಪುಸ್ತಕ ಇಟ್ಟೆ, ಅದು ಕೆಟ್ಟಿತು. ಯಾರು ಬರೆಯಲಿಲ್ಲ ಅಂತ ಎಣಿಸತೊಡಗಿದ. ದೂರು ಬಂದರೆ ಈಗ ಅವತ್ತೇ ಹೇಳುವುದಿಲ್ಲ. ಎರಡು ದಿನ ಬಿಟ್ಟು, ಯಾರೂ ಇಲ್ಲದಾಗ, ಪದಾರ್ಥದ ಮೇಲೆ ಹಾಕಿ ಕೇಳುತ್ತೇನೆ: "ಮೊನ್ನೆ ಬೇಳೆ ಹಳೇದಿತ್ತಾ?" ಇನ್ನು ಅಡುಗೆಯ ದಿನ ಬೆಳಗ್ಗೆ ಅವನಿಗೆ ಹೇಳುವ ಒಂದು ಮಾತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅವನೂ ಓದಬಹುದು.

ಹೋದ ವಾರ ಒಂದು ಗೃಹಪ್ರವೇಶದಲ್ಲಿ ಪಾಯಸ ಸಿಹಿ ಜಾಸ್ತಿ ಅಂತ ಯಾರೋ ಅವನ ಎದುರೇ ಅಂದರು. ಅಣ್ಣ ಸೌಟು ಇಟ್ಟು ಹಿತ್ತಲಿಗೆ ಹೋದ. ನೀರಿನ ತೊಟ್ಟಿ ಹತ್ತಿರ ಹತ್ತು ನಿಮಿಷ ನಿಂತ. ನಾನು ಎಲೆ ಎಣಿಸುತ್ತಲೇ ಇದ್ದೆ. ಆಮೇಲೆ ಒಳಗೆ ಬಂದು, ಮುಖ ತೊಳೆದುಕೊಂಡು, ಎರಡನೇ ಪಂಕ್ತಿಗೆ ಹಾಲು ಎಷ್ಟಿದೆ ಅಂತ ಕೇಳಿದ.