ಇಂಟರ್ನೆಟ್ ಇಲ್ಲದ ಕಂಪ್ಯೂಟರಿಗೆ ಕ್ಯೂಆರ್ ಕೋಡ್‌ನಲ್ಲಿ ಲೈಸೆನ್ಸ್: ನನ್ನ ಅನುಭವ

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಿಗೆ, ಯಂತ್ರದ ಬಿಡಿಭಾಗಗಳ ಅಳತೆಯನ್ನು ಪರೀಕ್ಷಿಸುವ ತಂತ್ರಾಂಶ ಬರೆದುಕೊಡುವುದು ನನ್ನ ಕಸುಬು. ಅಲ್ಲಿನ ಒಬ್ಬ ಗ್ರಾಹಕರ ಪರೀಕ್ಷಾ ವಿಭಾಗದಲ್ಲಿ ಯಾವ ಕಂಪ್ಯೂಟರಿಗೂ ಇಂಟರ್ನೆಟ್ ಇಲ್ಲ. ಬಾರ್‌ಕೋಡ್ ಸ್ಕ್ಯಾನರ್, ಕೀಬೋರ್ಡ್ ಮತ್ತು ಮೌಸ್ ಬಿಟ್ಟರೆ ಉಳಿದ ಯುಎಸ್‌ಬಿ ಕಿಂಡಿಗಳಿಗೆಲ್ಲ ಸೀಲ್ ಹಾಕಿದ್ದಾರೆ. ತಂತ್ರಾಂಶವನ್ನು ಆಕ್ಟಿವೇಟ್ ಮಾಡಲು ನಾವು 25 ಅಕ್ಷರಗಳ ಕೀಯನ್ನು ಫೋನಿನಲ್ಲಿ ಓದಿ ಹೇಳುತ್ತಿದ್ದೆವು. ಲೇತ್‌ಗಳ ಸದ್ದಿನ ನಡುವೆ ಅದು 'ಬಿ'ಯೋ 'ಡಿ'ಯೋ ಎಂದು ಕೂಗಿ ಕೇಳುವುದರಲ್ಲೇ ಎಷ್ಟೋ ಹೊತ್ತು ಕಳೆದುಹೋಗುತ್ತಿತ್ತು.

ಆದರೆ ನನ್ನ ನಿದ್ದೆಗೆಡಿಸಿದ್ದು ಆ ಕೂಗಾಟವಲ್ಲ. ಬಾಯಲ್ಲಿ ಓದಿ ಹೇಳುವಷ್ಟು ಚಿಕ್ಕ ಕೀ ಬೇಕೆಂದರೆ, ಅದನ್ನು ತಯಾರಿಸುವ ರಹಸ್ಯವನ್ನೇ ತಂತ್ರಾಂಶದೊಳಗೆ ಬಚ್ಚಿಡಬೇಕಾಗಿತ್ತು; ತಂತ್ರಾಂಶವನ್ನು ಬಿಚ್ಚಿ ನೋಡಬಲ್ಲ ಯಾರೇ ಆದರೂ ತಮಗೆ ತಾವೇ ಲೈಸೆನ್ಸ್ ಬರೆದುಕೊಳ್ಳಬಹುದಿತ್ತು. ನಿಜವಾದ ಡಿಜಿಟಲ್ ಸಹಿಯಲ್ಲಿ ಈ ಅಪಾಯವಿಲ್ಲ, ಏಕೆಂದರೆ ಸಹಿ ಮಾಡುವ ಖಾಸಗಿ ಕೀಲಿ ನಮ್ಮ ಸರ್ವರ್ ಬಿಟ್ಟು ಹೊರಬರುವುದಿಲ್ಲ, ತಂತ್ರಾಂಶದಲ್ಲಿರುವುದು ಸಹಿಯನ್ನು ಪರಿಶೀಲಿಸುವ ಸಾರ್ವಜನಿಕ ಕೀಲಿ ಮಾತ್ರ. ಆದರೆ ಎಡ್25519 ವಿಧಾನದ ಸಹಿಯೇ 64 ಬೈಟ್, ಅಂದರೆ ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ಬೇಸ್32 ವಿಧಾನದಲ್ಲಿ 103 ಅಕ್ಷರ. ಅಷ್ಟನ್ನು ಫೋನಿನಲ್ಲಿ ಓದಿ ಹೇಳಲು ಯಾರಿಂದಲೂ ಆಗದು. ಕ್ಯೂಆರ್ ಕೋಡ್ ನನಗೆ ಕೊಟ್ಟ ದೊಡ್ಡ ಉಪಕಾರವೆಂದರೆ ಈ ಜಾಗ.

ಈಗ ಕಂಪ್ಯೂಟರಿನ ಪರದೆ ಒಂದು ಕ್ಯೂಆರ್ ಕೋಡ್ ತೋರಿಸುತ್ತದೆ. ಅದರಲ್ಲಿ ಮದರ್‌ಬೋರ್ಡ್ ಮತ್ತು ಡಿಸ್ಕ್‌ಗಳ ಕ್ರಮಸಂಖ್ಯೆಯಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಎಸ್‌ಎಚ್‌ಎ-256 ಹ್ಯಾಶ್‌ನ ಮೊದಲ 16 ಬೈಟ್‌ಗಳೂ, ಆ ಹೊತ್ತಿಗೆ ಹುಟ್ಟಿದ 16 ಬೈಟ್‌ಗಳ ಯಾದೃಚ್ಛಿಕ ಸಂಖ್ಯೆಯೂ ಇರುತ್ತವೆ. ಮೇಲ್ವಿಚಾರಕರು ಅದನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ನಮ್ಮ ಸರ್ವರಿಗೆ ಕಳಿಸುತ್ತಾರೆ. ಸರ್ವರ್ ಇವೆರಡನ್ನೂ ಸೇರಿಸಿ ಸಹಿ ಮಾಡಿದ ಉತ್ತರ ಫೋನಿನ ಮೇಲೆ ಇನ್ನೊಂದು ಕೋಡ್ ಆಗಿ ಮೂಡುತ್ತದೆ. ಅದನ್ನು ಮೇಜಿನ ಮೇಲಿನ ಸ್ಕ್ಯಾನರಿಗೆ ಹಿಡಿದರೆ ಕೆಲಸ ಮುಗಿಯಿತು. ಹಳೆಯ ಲೇಸರ್ ಸ್ಕ್ಯಾನರ್‌ಗೆ ಇದು ಆಗದು, ಕ್ಯಾಮೆರಾ ಇರುವ ಟೂ-ಡಿ ಸ್ಕ್ಯಾನರೇ ಬೇಕು.

ಮೊದಲ ದಿನವೇ ಸೋತೆ. ನನ್ನ ಮೇಜಿನ ಮೇಲೆ ಸರಿಯಾಗಿ ನಡೆದದ್ದು ಅಲ್ಲಿ ಪ್ರತಿ ಸಲವೂ 'ಸಹಿ ತಪ್ಪಾಗಿದೆ' ಎನ್ನುತ್ತಿತ್ತು. ಸ್ಕ್ಯಾನರಿನಿಂದ ಬಂದ ಅಕ್ಷರಗಳನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಒಂದೊಂದಾಗಿ ಹೋಲಿಸಿದಾಗ, ದೊಡ್ಡಕ್ಷರಗಳೆಲ್ಲ ಚಿಕ್ಕದಾಗಿ, ಚಿಕ್ಕವೆಲ್ಲ ದೊಡ್ಡದಾಗಿ ತಿರುಗಿದ್ದವು. ಸ್ಕ್ಯಾನರ್ ತನ್ನನ್ನು ಕೀಬೋರ್ಡ್ ಎಂದೇ ಪರಿಚಯಿಸಿಕೊಳ್ಳುತ್ತದೆ. ಆ ಕಂಪ್ಯೂಟರಿನಲ್ಲಿ ಭಾಗದ ಸಂಖ್ಯೆಗಳನ್ನು ನಮೂದಿಸಲೆಂದು ಕ್ಯಾಪ್ಸ್ ಲಾಕ್ ಸದಾ ಒತ್ತಿಯೇ ಇರುತ್ತಿತ್ತು. ನಾನು ಬಳಸಿದ್ದ, ದೊಡ್ಡ ಮತ್ತು ಚಿಕ್ಕ ಅಕ್ಷರಗಳೆರಡೂ ಇರುವ ಬೇಸ್64ರಲ್ಲಿ ಅಕ್ಷರದ ಗಾತ್ರ ಬದಲಾದರೆ ಅರ್ಥವೇ ಬದಲಾಗುತ್ತದೆ. ಆದ್ದರಿಂದ ದೊಡ್ಡಕ್ಷರ ಮತ್ತು ಅಂಕಿಗಳಷ್ಟೇ ಇರುವ ಬೇಸ್32ಕ್ಕೆ ಬಂದೆ, ಓದುವಾಗ ಗಾತ್ರದ ಭೇದವನ್ನೂ ಕೈಬಿಟ್ಟೆ. ಸಹಿ, ಅವಧಿ, ಸೌಲಭ್ಯಗಳೆಲ್ಲ ಸೇರಿ 70 ಬೈಟ್‌ನ ಉತ್ತರ ಬೇಸ್64ರಲ್ಲಿ 96 ಅಕ್ಷರವಿದ್ದದ್ದು ಹೀಗೆ 112 ಆಯಿತು. ಆದರೂ ಕೋಡ್‌ನ ಒಂದು ಬದಿ 41ರಿಂದ 37 ಚೌಕಕ್ಕೆ ಇಳಿದದ್ದು ನನಗೆ ಬಹಳ ಸಂತೋಷ ಕೊಟ್ಟಿತು. ದೊಡ್ಡಕ್ಷರ ಮತ್ತು ಅಂಕಿಗಳಿಗೆಂದು ಕ್ಯೂಆರ್‌ನಲ್ಲಿ ಬೇರೆಯೇ ವಿಧಾನವಿದೆ, ಅದರಲ್ಲಿ ಅಕ್ಷರವೊಂದಕ್ಕೆ 8 ಬಿಟ್‌ನ ಬದಲು ಐದೂವರೆ ಬಿಟ್ ಸಾಕು.

ಯಾದೃಚ್ಛಿಕ ಸಂಖ್ಯೆಯ ವಿಷಯದಲ್ಲೂ ಎಡವಿದೆ. ತಂತ್ರಾಂಶದ ಕಿಟಕಿ ಮುಚ್ಚಿ ತೆರೆದಾಗಲೆಲ್ಲ ಹೊಸ ಸಂಖ್ಯೆ ಹುಟ್ಟುತ್ತಿದ್ದರಿಂದ, ಊಟಕ್ಕೆ ಹೋಗಿ ಬಂದವರ ಕೈಯಲ್ಲಿದ್ದ ಉತ್ತರ ಹೊಂದುತ್ತಿರಲಿಲ್ಲ. ಈಗ ಅದನ್ನು 72 ಗಂಟೆ ಉಳಿಸಿಡುತ್ತೇನೆ.

ಕೋಡ್‌ನ ಫೋಟೋ ತೆಗೆದುಕೊಂಡರೆ ಏನು ಗತಿ ಎಂದು ಗ್ರಾಹಕರು ಕೇಳಿದ್ದರು. ಕ್ಯೂಆರ್ ಕೋಡ್ ಏನನ್ನೂ ಮುಚ್ಚಿಡುವುದಿಲ್ಲ, ಯಾರು ಬೇಕಾದರೂ ಓದಬಹುದು; ಆದರೆ ಸಹಿ ಆ ಒಂದು ಕಂಪ್ಯೂಟರಿಗೆ ಬೆಸೆದಿರುವುದರಿಂದ ಬೇರೆಡೆ ಉಪಯೋಗಕ್ಕೆ ಬಾರದು. ಪರೀಕ್ಷೆಯ ಫಲಿತಾಂಶಗಳನ್ನು ಇದೇ ದಾರಿಯಲ್ಲಿ ಹೊರಕ್ಕೆ ತರುವಾಗ ಮಾತ್ರ ಆ ಉತ್ತರ ಸಾಲದು. ಅವನ್ನು ಗ್ರಾಹಕರ ಸಾರ್ವಜನಿಕ ಕೀಲಿಯಿಂದ ಗೂಢಲಿಪೀಕರಿಸಿ, ತುಂಡುಗಳಾಗಿ ಒಡೆದು, ಕ್ರಮಸಂಖ್ಯೆ ಹಾಕಿ ಒಂದಾದ ಮೇಲೊಂದರಂತೆ ತೋರಿಸುತ್ತೇನೆ. ಒಂದು ಕೋಡ್‌ನಲ್ಲಿ 2,953 ಬೈಟ್‌ಗಳವರೆಗೆ ಹಿಡಿಸಬಹುದಾದರೂ, ಎಣ್ಣೆಯ ಕೈ ತಾಗಿ ಮಸುಕಾದ ಆ ಪರದೆಯಲ್ಲಿ ಬದಿಗೆ 177 ಚೌಕಗಳ ಕೋಡನ್ನು ಫೋನ್ ಹಿಡಿಯಲೇ ಇಲ್ಲ. 800 ಬೈಟ್‌ಗೆ ಇಳಿಸಿದ ಮೇಲೆ ಒಂದೂ ತಪ್ಪದೆ ಬರುತ್ತಿವೆ.