ನನ್ನ ಫ್ಯಾಂಟಸಿ ಕಥೆಯ ನೀರುಗಂಟಿ

ಫ್ಯಾಂಟಸಿ ಬರೆಯೋಕೆ ಕೂತಾಗ ಮೊದಲು ಕೆರೆಗಳ ಸಾಲನ್ನು ಗೀಚಿಕೊಂಡೆ. ಕೋಟೆ, ಅರಮನೆ ಆಮೇಲೆ ನೋಡಿಕೊಳ್ಳೋಣ ಅಂತ. ಕೋಲಾರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ವರ್ಷವಿಡೀ ಹರಿಯುವ ನದಿ ನಮಗಿಲ್ಲ, ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಮೇಲಿನ ಊರಿನವರು ಕೋಡಿಯನ್ನು ಒಂದು ಗೇಣು ಎತ್ತರಿಸಿದರೂ ಸಾಕು, ಕೆಳಗಿನ ಊರಲ್ಲಿ ಜಗಳ ಶುರು. ಕಥೆಗೆ ಬೇಕಾದ ರಾಜಕೀಯ ಅಷ್ಟರಲ್ಲೇ ಇದೆ, ಅಲ್ವಾ?

ಮಂತ್ರಕ್ಕೆ ಒಂದೇ ನಿಯಮ ಇಟ್ಟೆ. ಹೊಸ ನೀರು ಹುಟ್ಟುವುದಿಲ್ಲ, ಇರುವ ನೀರು ಜಾಗ ಬದಲಾಯಿಸುತ್ತದೆ. ಇಲ್ಲೊಂದು ಬಾವಿ ಏರಿದರೆ ಇನ್ನೆಲ್ಲೋ ಒಂದು ಬಾವಿ ಅಷ್ಟೇ ಇಳಿಯಬೇಕು. ಪಕ್ಕದ ಹೊಲದವರು 1,000 ಅಡಿ ದಾಟಿಸಿ ಬೋರ್ ಕೊರೆಸಿದ ಮೇಲೆ ತಮ್ಮ ಬೋರ್ ಬತ್ತಿದ್ದನ್ನು ನೋಡಿದವರು ನಮ್ಮ ಕಡೆ ಬೇಕಾದಷ್ಟು ಜನ, ಹಾಗಾಗಿ ಕಲ್ಪಿಸೋಕೆ ಕಷ್ಟವಾಗಲಿಲ್ಲ.

ಈ ಮಂತ್ರ ಗೊತ್ತಿರುವುದು ಊರಿನ ನೀರುಗಂಟಿಗೆ. ನಿಜವಾದ ನೀರುಗಂಟಿ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ನೀರು ಅಂತ ಹಂಚುವವನು. ಸುಗ್ಗಿಯಲ್ಲಿ ಅವನ ಪಾಲಿನ ಧಾನ್ಯ ಅಳೆದುಕೊಡುತ್ತಿದ್ದರು. ನನ್ನ ಕಥೆಯಲ್ಲಿ ಆ ಕೆಲಸ ಒಬ್ಬ ಮುದುಕಿಯದು. ತನ್ನೂರ ಕೆರೆ ತುಂಬಲು ಯಾವ ಊರಿನ ಬಾವಿ ಒಣಗಬೇಕು ಅಂತ ಅವಳೇ ಆರಿಸುತ್ತಾಳೆ. ಹಾಗೆ ಒಣಗಿದ ಊರಿನಿಂದ ಗುಳೆ ಹೊರಟ ಹುಡುಗನೊಬ್ಬ ಅವಳ ಮನೆ ಬಾಗಿಲಿಗೇ ಬರುತ್ತಾನೆ. ಒಂದು ಚೊಂಬು ನೀರು ಕೊಟ್ಟು, ಬಿಸಿ ಮುದ್ದೆ, ಬಸ್ಸಾರು ಬಡಿಸಿ, ‘ಯಾವೂರಪ್ಪಾ?’ ಅಂತಾಳೆ. ಗೊತ್ತಿದ್ದೂ ಕೇಳುತ್ತಾಳೆ. ಈ ಒಂದು ಪುಟಕ್ಕೆ ಪಟ್ಟ ಪಾಡು ಜಾಸ್ತಿ. ಒಂದು ಹನಿ ಕಣ್ಣೀರು ಹಾಕಿಸಿದರೆ ಅವಳು ಒಳ್ಳೆಯವಳಾಗಿಬಿಡುತ್ತಾಳೆ, ಸುಮ್ನೆ ಒಂದು ನಗು ನಗಿಸಿದರೂ ಕೆಟ್ಟವಳು. ಕೊನೆಗೆ ಅವಳ ಕೈಯಲ್ಲಿ ಇನ್ನೊಂದು ಮುದ್ದೆ ಬಡಿಸಿಸಿದೆ, ಅಷ್ಟೇ.

ಓದಿದ ಗೆಳೆಯ, ‘ಗುರು, ಅವಳಿಗೆ ಚಿಕ್ಕಂದಿನಲ್ಲಿ ಏನಾದರೂ ಕಷ್ಟ ಕೊಡು, ಆಗ ಜನಕ್ಕೆ ಅರ್ಥವಾಗುತ್ತೆ’ ಅಂದ. ನಾನು ಒಪ್ಪಲಿಲ್ಲ. ಹಳೇ ದುಃಖ ಕೊಟ್ಟರೆ ಓದುಗರು ಅಯ್ಯೋ ಪಾಪ ಅಂದು ಮುಂದೆ ಹೋಗುತ್ತಾರೆ. ಅದರ ಬದಲು ಅವಳ ಲೆಕ್ಕವನ್ನೇ ಎದುರಿಗಿಟ್ಟೆ: ಊರಲ್ಲಿ ಎಷ್ಟು ಮನೆ, ಎಷ್ಟು ದನ, ಭತ್ತ ತೆನೆ ಕಟ್ಟೋಕೆ ಇನ್ನೆಷ್ಟು ದಿನ ನೀರು ಬೇಕು. ಆ ಜಾಗದಲ್ಲಿ ತಾವಿದ್ದರೆ ಏನು ಮಾಡುತ್ತಿದ್ದರು ಅಂತ ಅವರೇ ಹೇಳಲಿ.

ರಾಜನನ್ನು ಮಾತ್ರ ಕಥೆಯೊಳಗೆ ಬಿಟ್ಟುಕೊಂಡಿಲ್ಲ. ಅವನು ಬಂದನೋ, ತಪ್ಪೆಲ್ಲ ಅವನ ತಲೆಗೆ ಕಟ್ಟಿ ಮುದುಕಿಯನ್ನು ಬಿಟ್ಟುಬಿಡುತ್ತಾರೆ. ಸದ್ಯಕ್ಕೆ ಅವನ ಕಡೆಯ ಶಾನುಭೋಗನೊಬ್ಬ ಕಂದಾಯ ಕೇಳೋಕೆ ಬಂದು ಹೋಗುತ್ತಾನೆ, ಅದೂ ಅರ್ಧ ಪುಟ.