ಮಗನ ಹೆಜ್ಜೆಯಲ್ಲಿ ಅಳೆದು ಹಿಡಿದ ಏರಿಯಾ

ರಜೆಗೆ ತುಮಕೂರಿಗೆ ಬಂದು ಹತ್ತು ದಿನ ಆಯ್ತು. ಎಸ್.ಎಸ್. ಪುರಂನ ಅಮ್ಮನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮೊನ್ನೆ ಚಿಕ್ಕಮ್ಮನ ಮಗ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದ. ಜನವರಿಗೆ ಅವನೂ ಹೆಂಡತಿ ಮಕ್ಕಳ ಜೊತೆ ನೆದರ್ಲ್ಯಾಂಡ್ಸ್‌ಗೆ, ನಾವಿರುವ ಐಂಡ್‌ಹೋವನ್ ಊರಿಗೇ ಹೊರಟಿದ್ದಾನೆ. ದೊಡ್ಡ ಮಗುವಿಗೆ 5 ವರ್ಷ, ಚಿಕ್ಕದಕ್ಕೆ 2. ಇಡ್ಲಿ ಪೊಟ್ಟಣ ಬಿಚ್ಚುವ ಮೊದಲೇ ಮೊಬೈಲ್ ಮುಂದೆ ಹಿಡಿದ. "ಅಕ್ಕಾ, ಈ ಮೂರರಲ್ಲಿ ಯಾವ ಮನೆ ತಗೊಳ್ಳಲಿ ಹೇಳು. ಅಡುಗೆಮನೆ ಇದರದ್ದೇ ಚೆನ್ನಾಗಿದೆ." ಮೂರು ವರ್ಷದ ಹಿಂದೆ ನಾನೂ ಇದೇ ಮನೆಯಲ್ಲಿ ಕೂತು ಅಡುಗೆಮನೆ ಫೋಟೋಗಳನ್ನೇ ನೋಡುತ್ತಿದ್ದೆ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆದಿಡ್ತೀನಿ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೊರದೇಶಕ್ಕೆ ಹೊರಟವರು ಬೇರೆಯವರೂ ಇರ್ತಾರಲ್ವಾ.

ತುಮಕೂರಲ್ಲಿ ಬಾಡಿಗೆ ಮನೆ ನೋಡಲು ಹೋದರೆ ನಾವು ಮೊದಲು ಏನು ಕೇಳ್ತೀವಿ? ಹೇಮಾವತಿ ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ, ಬೋರ್ ಇದೆಯಾ, ಸಂಪ್ ಎಷ್ಟು ದೊಡ್ಡದು. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಸ ದೇಶದಲ್ಲೂ ಇಂಥ ಒಂದು ಪ್ರಶ್ನೆ ಇರುತ್ತದೆ, ಅಲ್ಲಿ ಹುಟ್ಟಿ ಬೆಳೆದವರಿಗೆ ಅದು ಎಷ್ಟು ಸಹಜ ಅಂದರೆ ನಮಗೆ ಹೇಳಬೇಕು ಅಂತಲೂ ಅವರಿಗೆ ಹೊಳೆಯುವುದಿಲ್ಲ. ನೆದರ್ಲ್ಯಾಂಡ್ಸ್‌ನಲ್ಲಿ ಆ ಪ್ರಶ್ನೆ ಇದು: "ಈ ವಿಳಾಸದಲ್ಲಿ ನಾವು ಪುರಸಭೆಯಲ್ಲಿ ಹೆಸರು ನೋಂದಾಯಿಸಬಹುದಾ?" ಅಲ್ಲಿ ನಾಲ್ಕು ತಿಂಗಳಿಗಿಂತ ಜಾಸ್ತಿ ಇರುವವರು ಬಂದ 5 ದಿನದೊಳಗೆ ವಿಳಾಸ ನೋಂದಾಯಿಸಬೇಕು. ಆಗ ಬಿಎಸ್‌ಎನ್ ಅಂತ ಒಂದು ನಂಬರ್ ಸಿಗುತ್ತದೆ. ಸಂಬಳ, ಆರೋಗ್ಯ ವಿಮೆ, ಮಗುವಿನ ಶಾಲೆ, ಎಲ್ಲದಕ್ಕೂ ಆ ನಂಬರ್ ಬೇಕು. ನಾವು ತುಂಬ ಇಷ್ಟಪಟ್ಟ ಮೊದಲ ಮನೆಯ ಓನರ್, ಎಲ್ಲ ಮಾತು ಮುಗಿದ ಮೇಲೆ "ರಿಜಿಸ್ಟ್ರೇಷನ್ ಮಾತ್ರ ಆಗಲ್ಲ" ಅಂದುಬಿಟ್ಟರು. ಎರಡು ವಾರ ಅದರ ಹಿಂದೆ ಓಡಾಡಿದ್ದೆವು. ಆ ಸಂಜೆ ನನಗೆ ಅಳುವೇ ಬಂತು. ಆಮೇಲಿಂದ ಯಾವ ಮನೆಗೆ ಫೋನ್ ಮಾಡಿದರೂ ಬಾಡಿಗೆಗಿಂತ ಮೊದಲು ಇದನ್ನೇ ಕೇಳುತ್ತಿದ್ದೆ.

ನಾವು ಹೋಗಿದ್ದು 2022ರ ನವೆಂಬರ್‌ನಲ್ಲಿ. ಮಗಳಿಗೆ 6, ಮಗನಿಗೆ 3. ಮೊದಲ ಎರಡು ತಿಂಗಳು ಕಂಪನಿಯವರೇ ರೈಲ್ವೆ ಸ್ಟೇಷನ್ ಹತ್ತಿರ ಒಂದು ಫ್ಲ್ಯಾಟ್ ಕೊಟ್ಟಿದ್ದರು. ಇದು ಬಹಳ ಒಳ್ಳೆಯದಾಯ್ತು. ನಿಮಗೂ ಸಾಧ್ಯವಾದರೆ ಇಲ್ಲಿಂದಲೇ ವರ್ಷದ ಕರಾರಿಗೆ ಸಹಿ ಹಾಕಬೇಡಿ. ಒಂದೆರಡು ತಿಂಗಳು ಎಲ್ಲಾದರೂ ಇದ್ದು, ಕಾಲಲ್ಲಿ ನಡೆದು ನೋಡಿ ಆಮೇಲೆ ಹಿಡಿಯಿರಿ.

ಆ ಫ್ಲ್ಯಾಟ್ ದೊಡ್ಡವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಕೆಳಗಿಳಿದರೆ ಅಂಗಡಿ, ಬಸ್ಸು, ರೈಲು. ಆದರೆ ಮಗನನ್ನು ಆಡಿಸಲು ಜಾರುಬಂಡೆ ಇರುವ ಜಾಗಕ್ಕೆ ಹೋಗಬೇಕಾದರೆ ಎರಡು ದೊಡ್ಡ ರಸ್ತೆ ದಾಟಬೇಕಿತ್ತು. ಡಿಸೆಂಬರ್‌ನಲ್ಲಿ ಬೆಳಗಾಗುವಾಗ ಎಂಟೂವರೆ ದಾಟಿರುತ್ತದೆ, ಸಂಜೆ ನಾಲ್ಕೂವರೆಗೆ ಕತ್ತಲು. ಮಗನಿಗೆ ಜಾಕೆಟ್ಟು, ಟೋಪಿ, ಕೈಗವಸು, ಬೂಟು ಹಾಕಿಸಿ ಹೊರಡುವುದಕ್ಕೇ ಕಾಲು ಗಂಟೆ. ಅಲ್ಲಿ ತಲುಪುವಷ್ಟರಲ್ಲಿ ಮಳೆ ಹನಿಯುತ್ತಿತ್ತು, ಅವನು ಎತ್ತಿಕೋ ಅನ್ನುತ್ತಿದ್ದ. ಒಂದು ದಿನ ಸುಮ್ನೆ ಮೊಬೈಲ್‌ನಲ್ಲಿ ಟೈಮ್ ನೋಡಿಕೊಂಡು ಅವನ ಜೊತೆ ಅವನದೇ ವೇಗದಲ್ಲಿ ನಡೆದೆ. ಕೊಚ್ಚೆ ನೀರಲ್ಲಿ ಕಾಲಾಡಿಸಿ, ಬೆಕ್ಕು ನೋಡಿ, ಬಿದ್ದ ಎಲೆ ಆರಿಸಿ, ಹತ್ತು ನಿಮಿಷಕ್ಕೆ ನಾವು ಹೋಗಿದ್ದು ಸುಮಾರು 400 ಮೀಟರ್. ಮ್ಯಾಪ್‌ನಲ್ಲಿ ಅದನ್ನೇ "5 ನಿಮಿಷದ ನಡಿಗೆ" ಅಂತ ತೋರಿಸುತ್ತದೆ.

ಆ ರಾತ್ರಿ ನಾನೂ ನಮ್ಮವರೂ ಕೂತು ಒಂದು ತೀರ್ಮಾನ ಮಾಡಿದೆವು. ಏರಿಯಾ ಹುಡುಕುವಾಗ ಅಳತೆಕೋಲು ಮಗನ ಹೆಜ್ಜೆ. ಅವನು ಹತ್ತು, ಹದಿನೈದು ನಿಮಿಷದಲ್ಲಿ ನಡೆಯುವಷ್ಟರೊಳಗೆ ಶಾಲೆ, ಡಾಕ್ಟರು, ಆಡುವ ಜಾಗ, ಹಾಲು ತರಕಾರಿ ಸಿಗುವ ಅಂಗಡಿ ಇರಬೇಕು. ಆಫೀಸು ಎಷ್ಟು ದೂರವಾದರೂ ಆಗಲಿ. ದೊಡ್ಡವರು ಏಳೆಂಟು ಕಿಲೋಮೀಟರ್ ಸೈಕಲ್ ತುಳಿದು ಹೋಗ್ತಾರೆ, ಆ ಊರಲ್ಲಿ ಎಲ್ಲರೂ ಹಾಗೇ ಹೋಗೋದು.

ಡಾಕ್ಟರ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿ ಜ್ವರ ಬಂತು ಅಂತ ನಮ್ಮೂರಿನ ಹಾಗೆ ನೇರವಾಗಿ ಮಕ್ಕಳ ಡಾಕ್ಟರ್ ಕ್ಲಿನಿಕ್‌ಗೆ ಹೋಗಿ ಟೋಕನ್ ತಗೊಳ್ಳೋಕೆ ಆಗಲ್ಲ. ಪ್ರತಿ ಮನೆಗೂ ಒಬ್ಬ ಹೌಸ್‌ಆರ್ಟ್ಸ್, ಅಂದರೆ ಕುಟುಂಬದ ಡಾಕ್ಟರ್ ಇರ್ತಾರೆ, ಅವರ ಹತ್ತಿರ ಮೊದಲೇ ಹೆಸರು ಬರೆಸಿರಬೇಕು. ತುರ್ತು ಇದ್ದರೆ ಅವರು 15 ನಿಮಿಷದೊಳಗೆ ನಿಮ್ಮ ಮನೆಗೆ ತಲುಪುವಂತಿರಬೇಕು ಅನ್ನೋದು ಅವರ ಲೆಕ್ಕ. ಹಾಗಾಗಿ ನಿಮ್ಮ ಪೋಸ್ಟ್‌ಕೋಡ್ ನೋಡಿಯೇ ಸೇರಿಸಿಕೊಳ್ತಾರೆ. ಡಿಸೆಂಬರ್ ಎರಡನೇ ವಾರ ಮಗನಿಗೆ ಜ್ವರ ಬಂತು. ನಾನು ಬೆಳಗ್ಗೆ ಎಂಟಕ್ಕೆ ಫೋನ್ ಹಿಡಿದವಳು ಮೂರು ಕ್ಲಿನಿಕ್‌ಗೆ ಮಾಡಿದೆ. ಒಂದು ಕಡೆ "ನಮ್ಮಲ್ಲಿ ಭರ್ತಿ" ಅಂದರು, ಇನ್ನೊಂದು ಕಡೆ "ನಿಮ್ಮ ಪೋಸ್ಟ್‌ಕೋಡ್ ನಮ್ಮದಲ್ಲ" ಅಂದರು, ಮೂರನೆಯವರು ಮಧ್ಯಾಹ್ನ ಮೂರಕ್ಕೆ ಬನ್ನಿ ಅಂದರು. ಪರದೇಶದಲ್ಲಿ ಮೈ ಸುಡುವ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕಾಯುವುದಿದೆಯಲ್ಲ, ಅದು ಯಾವ ತಾಯಿಗೂ ಬೇಡ. ಆದ್ದರಿಂದ ಮನೆಗೆ ಸಹಿ ಹಾಕುವ ಮೊದಲೇ ಆ ಏರಿಯಾದ ಕ್ಲಿನಿಕ್‌ಗಳಿಗೆ ಫೋನ್ ಮಾಡಿ, ಪೋಸ್ಟ್‌ಕೋಡ್ ಹೇಳಿ, ಹೊಸಬರನ್ನು ತಗೊಳ್ತೀರಾ ಅಂತ ಕೇಳಿ. ರಾತ್ರಿಗೆ, ಶನಿವಾರ ಭಾನುವಾರಕ್ಕೆ ಬೇರೆ ಕೇಂದ್ರ ಇರುತ್ತದೆ, ಅಲ್ಲಿಗೂ ಫೋನ್ ಮಾಡಿಯೇ ಹೋಗಬೇಕು. ಪ್ರಾಣಕ್ಕೆ ಅಪಾಯ ಅಂದರೆ 112. ಮಕ್ಕಳ ಲಸಿಕೆ ಬರೆದಿರುವ ತಾಯಿ ಕಾರ್ಡ್ ಮರೆಯದೆ ತಗೊಂಡು ಹೋಗಿ. ಪೂರ್ತಿ ಕನ್ನಡದಲ್ಲಿದ್ದರೆ ಇಲ್ಲೇ ಡಾಕ್ಟರ್ ಹತ್ತಿರ ಇಂಗ್ಲಿಷ್‌ನಲ್ಲಿ ಬರೆಸಿಕೊಂಡು ಸೀಲ್ ಹಾಕಿಸಿ. 18 ವರ್ಷದೊಳಗಿನ ಮಕ್ಕಳಿಗೆ ಮೂಲ ಆರೋಗ್ಯ ವಿಮೆಯ ಕಂತು ಇಲ್ಲ, ಆದರೆ ಪಾಲಿಸಿಗೆ ಹೆಸರು ಸೇರಿಸಲೇಬೇಕು.

ಏರಿಯಾಗಳನ್ನು ನೋಡಲು ಶುರು ಮಾಡಿದೆವು. ಸ್ಟ್ರೈಪ್-ಎಸ್ ಅಂತ ಒಂದಿದೆ, ಹಿಂದೆ ಫಿಲಿಪ್ಸ್ ಕಾರ್ಖಾನೆ ಇದ್ದ ಜಾಗ, ಈಗ ಅಪಾರ್ಟ್‌ಮೆಂಟು, ಹೋಟೆಲು ಅಂತ ಬಹಳ ಕಳೆಯಾಗಿದೆ. ಮದುವೆಯಾದ ಹೊಸದರಲ್ಲಿ ಹೋಗಿದ್ದರೆ ಅಲ್ಲೇ ಇರುತ್ತಿದ್ದೆವು. ನಮ್ಮವರ ಆಫೀಸಿಗೆ ಹತ್ತಿರ ಅಂದರೆ ಪಕ್ಕದ ವೆಲ್ಡ್‌ಹೋವನ್, ಚಿಪ್ ತಯಾರಿಸುವ ಯಂತ್ರ ಮಾಡುವ ಎಎಸ್‌ಎಂಎಲ್ ಕಂಪನಿ ಇರುವ ಊರು. ಅಲ್ಲಿ ನಮ್ಮ ಲೆಕ್ಕಕ್ಕೆ ಸಿಗುವ ಮನೆ ಖಾಲಿ ಇರಲಿಲ್ಲ. ಕೊನೆಗೆ ಎರಡರ ನಡುವೆ ಇರುವ ಮೇರ್‌ಹೋವನ್ ಬಡಾವಣೆಗೆ ಬಂದೆವು.

ಅಲ್ಲಿ ನೋಡಿದ ಮೊದಲ ಮನೆಯನ್ನು ನಾನು ಮರೆಯೋದಿಲ್ಲ. ಫೋಟೋದಲ್ಲಿ ಹಿತ್ತಲ ಬಾಗಿಲು ತೆರೆದರೆ ನೀರು, ನೀರಲ್ಲಿ ಬಾತುಕೋಳಿ. ಏಜೆಂಟ್ ಹೆಮ್ಮೆಯಿಂದ ಬಾಗಿಲು ತೆಗೆದು ತೋರಿಸಿದರು. ಹುಲ್ಲು ಇಳಿಜಾರಾಗಿ ಹೋಗಿ ಸೀದಾ ಕಾಲುವೆಗೆ ಸೇರುತ್ತಿತ್ತು. ನಡುವೆ ಬೇಲಿಯೂ ಇಲ್ಲ, ಮೊಣಕಾಲೆತ್ತರದ ಕಟ್ಟೆಯೂ ಇಲ್ಲ. ಮಗ "ಡಕ್ಕು" ಅಂತ ನನ್ನ ಕೈ ಬಿಡಿಸಿಕೊಂಡು ನಾಲ್ಕು ಹೆಜ್ಜೆ ಓಡಿದ. ಹಿಡಿದುಕೊಂಡೆ. ನಮ್ಮ ಕಡೆ ಕೃಷಿ ಹೊಂಡಕ್ಕೆ ಮಕ್ಕಳು ಬಿದ್ದ ಸುದ್ದಿ ಓದಿಕೊಂಡು ಬೆಳೆದವಳು ನಾನು, ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ಆ ದೇಶದಲ್ಲಿ ಎಲ್ಲಿ ನೋಡಿದರೂ ನೀರು, ಬೇಲಿ ಅಪರೂಪ. ಅದಕ್ಕೇ ಅಲ್ಲಿನವರು ಮಕ್ಕಳಿಗೆ ಐದಾರು ವರ್ಷಕ್ಕೆಲ್ಲ ಈಜು ಕಲಿಸ್ತಾರೆ, ಎ, ಬಿ, ಸಿ ಅಂತ ಈಜಿನ ಡಿಪ್ಲೊಮಾಗಳೇ ಇವೆ. ಎ ಪರೀಕ್ಷೆಯಲ್ಲಿ ಮಗು ಬಟ್ಟೆ, ಶೂ ಹಾಕಿಕೊಂಡೂ ಈಜಿ ತೋರಿಸಬೇಕು. ನಮ್ಮ ಮಕ್ಕಳಿಗೆ ಅದು ಬರುವವರೆಗೂ ನೀರಿನ ಪಕ್ಕದ ಮನೆ ಬೇಡ ಅಂತ ಅಲ್ಲೇ ಹೇಳಿ ಬಂದೆ. ಹೋದ ತಕ್ಷಣ ಈಜು ತರಗತಿಗೆ ಹೆಸರು ಕೊಡಿ, ಕಾಯುವವರ ಪಟ್ಟಿ ಉದ್ದ ಇರುತ್ತದೆ.

ನಾವು ಹಿಡಿದ ಮನೆ ಅಲ್ಲಿಂದ ಎರಡು ಬೀದಿ ಒಳಗೆ. ಬೀದಿ ತಲೆಯಲ್ಲಿ ನೀಲಿ ಬೋರ್ಡು, ಅದರಲ್ಲಿ ಮನೆ, ಚೆಂಡು ಆಡುವ ಮಗು. ಇಂಥ ಬೀದಿಗೆ ವೋನ್‌ಎರ್ಫ್ ಅಂತಾರೆ, ಕಾರುಗಳು ಜನ ನಡೆಯುವ ವೇಗದಲ್ಲೇ ಹೋಗಬೇಕು, ಮಕ್ಕಳು ರಸ್ತೆಯಲ್ಲೇ ಆಡಬಹುದು. 1970ರ ದಶಕದಿಂದ ಅಲ್ಲಿ ಇದು ಕಾನೂನು. ಮಕ್ಕಳಿರುವವರು ಮ್ಯಾಪ್‌ನ ಬೀದಿ ಚಿತ್ರದಲ್ಲಿ ಮೊದಲು ಈ ಬೋರ್ಡ್ ಹುಡುಕಿ. ಹತ್ತಿರದಲ್ಲೇ ವಿಮಾನ ನಿಲ್ದಾಣ ಇರುವುದರಿಂದ ಸದ್ದಿನ ಭಯ ಇತ್ತು. ಒಂದು ಭಾನುವಾರ ಆ ಬೀದಿಯ ಬೆಂಚಿನ ಮೇಲೆ ಎರಡು ಗಂಟೆ ಕೂತು ಕೇಳಿಸಿಕೊಂಡೆವು. ಸದ್ದು ಇತ್ತು, ಆದರೆ ಮಗ ನಮ್ಮವರ ಹೆಗಲ ಮೇಲೆ ನಿದ್ದೆ ಹೋದ. ಮರುದಿನ ಬೆಳಗ್ಗೆ ಎಂಟೂಕಾಲಿಗೆ ನಾನೊಬ್ಬಳೇ ಹೋಗಿ ಶಾಲೆ ಗೇಟಿನ ಹತ್ತಿರ ನಿಂತೆ. ಯಾರು ಹೇಗೆ ಬರ್ತಾರೆ, ಅಮ್ಮಂದಿರು ಅಪ್ಪಂದಿರು ನಿಂತು ಮಾತಾಡ್ತಾರಾ, ಹೊಸಬರನ್ನು ನೋಡಿ ನಗ್ತಾರಾ. ಆ ಕಾಲು ಗಂಟೆ ನನಗೆ ಹೇಳಿದಷ್ಟನ್ನು ಯಾವ ವೆಬ್‌ಸೈಟೂ ಹೇಳಲಿಲ್ಲ. ಹಾಗಂತ ವೆಬ್‌ಸೈಟ್ ಬೇಡ ಅನ್ನಲ್ಲ. ಲೇಫ್‌ಬಾರೋಮೇಟರ್ ಅಂತ ಸರ್ಕಾರದ್ದೇ ಒಂದಿದೆ, ಪ್ರತಿ ಬಡಾವಣೆ ವಾಸಕ್ಕೆ ಹೇಗಿದೆ ಅಂತ ಬಣ್ಣ ಹಚ್ಚಿ ತೋರಿಸುತ್ತದೆ.

ಶಾಲೆ ವಿಷಯದಲ್ಲಿ ನಮ್ಮ ಲೆಕ್ಕ ಒಂದು ಕಡೆ ತಪ್ಪಿತು. ಅಲ್ಲಿ ಮಕ್ಕಳು 4 ತುಂಬಿದ ಕೂಡಲೇ ಶಾಲೆಗೆ ಹೋಗಬಹುದು, 5ರಿಂದ ಕಡ್ಡಾಯ. ಬಡಾವಣೆಯ ಶಾಲೆಗೆ ಫೀಸಿಲ್ಲ. ಚರ್ಚಿನ ಹೆಸರಿನ ಶಾಲೆಗೂ ಸರ್ಕಾರದ ಶಾಲೆಗೂ ಸರ್ಕಾರವೇ ಸಮನಾಗಿ ದುಡ್ಡು ಕೊಡುತ್ತದೆ, 1917ರಿಂದಲೂ ಹಾಗೇ. ನಮ್ಮ ಮನೆಯಿಂದ ಶಾಲೆ 350 ಮೀಟರ್, ಇಬ್ಬರಿಗೂ ಅದೇ ಅಂತ ಅಂದುಕೊಂಡಿದ್ದೆವು. ಮಗ 4 ತುಂಬಿದ ಮೇಲೆ ಅಲ್ಲಿಗೇ ಸೇರಿದ. ಆದರೆ ಮಗಳಿಗೆ 6 ಆಗಿತ್ತು, ಡಚ್ ಭಾಷೆ ಬರುತ್ತಿರಲಿಲ್ಲ. ಹೊಸದಾಗಿ ಬಂದ ಮಕ್ಕಳಿಗೆ ಮೊದಲು ಭಾಷೆ ಕಲಿಸುವ ತರಗತಿ ಬೇರೆ ಶಾಲೆಯಲ್ಲಿತ್ತು, ನಾಲ್ಕು ಕಿಲೋಮೀಟರ್ ದೂರ. ಒಂದು ವರ್ಷ ಪೂರ್ತಿ ನಮ್ಮವರು ಅವಳನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಬಿಟ್ಟು ಆಫೀಸಿಗೆ ಹೋದರು, ಮಳೆಯಲ್ಲೂ. ಇದನ್ನು ನಾನು ಮೊದಲೇ ಶಾಲೆಗೆ ಫೋನ್ ಮಾಡಿ ಕೇಳಬೇಕಿತ್ತು. ನಿಮ್ಮ ಮಗು 6 ದಾಟಿದ್ದರೆ "ಭಾಷೆ ಬಾರದ ಮಗುವನ್ನು ನೀವೇ ತಗೊಳ್ತೀರಾ, ಬೇರೆ ಕಡೆ ಕಳಿಸ್ತೀರಾ" ಅಂತ ಕೇಳಿ. ಆದರೂ ಈ ಬಡಾವಣೆ ಹಿಡಿದಿದ್ದಕ್ಕೆ ನನಗೆ ಬೇಸರವಿಲ್ಲ. ಮಗಳು ಸಂಜೆ ಆಡುತ್ತಿದ್ದುದು ಇದೇ ಬೀದಿಯ ಮಕ್ಕಳ ಜೊತೆ, ಡಚ್ ಮಾತು ಬಾಯಿಗೆ ಬಂದಿದ್ದು ಅಲ್ಲೇ. ವರ್ಷದ ಮೇಲೆ ಬಡಾವಣೆಯ ಶಾಲೆಗೆ ಬಂದಾಗ ತರಗತಿಯಲ್ಲಿ ಅರ್ಧ ಜನ ಅವಳಿಗೆ ಗೊತ್ತಿದ್ದವರೇ.

ಇಂಟರ್‌ನ್ಯಾಷನಲ್ ಶಾಲೆಯೂ ಇದೆ, ಸರ್ಕಾರದ ನೆರವಿದ್ದರೂ ಒಂದು ಮಗುವಿಗೆ ವರ್ಷಕ್ಕೆ 5,000 ಯೂರೋ ದಾಟುತ್ತದೆ. ಎರಡು ವರ್ಷಕ್ಕೆ ವಾಪಸ್ ಬರುವವರಿಗೆ ಅದೇ ಸರಿ. ಇನ್ನೊಂದು, ನಮ್ಮ ಮಕ್ಕಳ ಶಾಲೆ ಬುಧವಾರ ಹನ್ನೆರಡೂವರೆಗೆ ಬಿಡುತ್ತದೆ, ಬಹಳ ಶಾಲೆಗಳಲ್ಲಿ ಹೀಗೇ ಅರ್ಧ ದಿನ. ಇಬ್ಬರೂ ಕೆಲಸಕ್ಕೆ ಹೋಗುವವರು ಶಾಲೆಯಿಂದಲೇ ಮಕ್ಕಳನ್ನು ಕರೆದೊಯ್ಯುವ ಡೇಕೇರ್ ಹತ್ತಿರ ಇದೆಯಾ ನೋಡಿ. ಅದಕ್ಕೆ ಸರ್ಕಾರ ಕೊಡುವ ಹಣ ಸಾಮಾನ್ಯವಾಗಿ ಅಪ್ಪ ಅಮ್ಮ ಇಬ್ಬರೂ ದುಡಿಯುತ್ತಿದ್ದರೆ ಮಾತ್ರ.

"ಅಕ್ಕಾ, ನಮ್ಮೋರು ಜಾಸ್ತಿ ಇರೋ ಕಡೆನೇ ಹೋಗೋದು ಒಳ್ಳೇದಲ್ವಾ?" ಅಂತ ತಮ್ಮ ಕೇಳಿದ. ಹತ್ತಿರ ನಾಲ್ಕು ಮನೆ ಇದ್ದರೆ ಧೈರ್ಯ, ನಿಜ. ಮಗನ ಜ್ವರದ ದಿನ ಅನ್ನ ಸಾರು ತಂದುಕೊಟ್ಟಿದ್ದು ದಾವಣಗೆರೆಯ ಒಬ್ಬಾಕೆಯೇ. ಆದರೆ ರಾಗಿಹಿಟ್ಟು ತಿಂಗಳಿಗೊಮ್ಮೆ ತರುವುದು, ಶಾಲೆಗೆ ದಿನಾ ಹೋಗುವುದು. ಇಂಡಿಯನ್ ಅಂಗಡಿ ಪಕ್ಕ ಇದೆ ಅಂತ ಏರಿಯಾ ಹಿಡಿಯಬೇಡ ಅಂದೆ.

ಮನೆ ಒಳಗಿನ ಮಾತು ಎರಡೇ. ಜಾಹೀರಾತಿನಲ್ಲಿ "ಕಾಲ್" (ಡಚ್‌ನಲ್ಲಿ ಬೋಳು) ಅಂತ ಬರೆದಿದ್ದರೆ ಬರೀ ಗೋಡೆ, ನೆಲಹಾಸೂ ದೀಪವೂ ಇರಲ್ಲ. ಮೆಟ್ಟಿಲು ಏಣಿಯ ಹಾಗೆ ಕಡಿದಾಗಿರುತ್ತದೆ, ಮೇಲೂ ಕೆಳಗೂ ಮಕ್ಕಳ ಗೇಟ್ ಹಾಕಿಸಿಕೊಳ್ಳಿ. ಮುಂಗಡ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, 2023ರ ಜುಲೈ ನಂತರದ ಕರಾರುಗಳಿಗೆ ಇದು ಕಾನೂನು.

ಹೋದ ವರ್ಷ ಅತ್ತೆ ಮೂರು ತಿಂಗಳಿಗೆ ಬಂದಿದ್ದರು. ಡಚ್ ಇರಲಿ, ಇಂಗ್ಲಿಷೂ ಅವರಿಗೆ ಬರಲ್ಲ. ಎರಡನೇ ವಾರಕ್ಕೆ ಅವರೇ ಸೀರೆ ಮೇಲೆ ಕೋಟು ಹಾಕಿಕೊಂಡು ಮೊಮ್ಮಗನನ್ನು ಶಾಲೆಯಿಂದ ಕರೆತರಲು ಶುರು ಮಾಡಿದರು. ದಾರಿಯಲ್ಲಿ ಒಂದೂ ದೊಡ್ಡ ರಸ್ತೆ ಇಲ್ಲ, ಎರಡು ಬೆಂಚಿವೆ. ಇಬ್ಬರೂ ಎರಡೂ ಬೆಂಚಿನ ಮೇಲೆ ಕೂತೇ ಬರುತ್ತಿದ್ದರು.

ತಮ್ಮನ ಮೂರು ಮನೆಯ ಪೋಸ್ಟ್‌ಕೋಡ್‌ಗಳನ್ನು ನಿನ್ನೆ ರಾತ್ರಿ ಮ್ಯಾಪ್‌ಗೆ ಹಾಕಿ ನೋಡಿದೆವು. ಚೆಂದದ ಅಡುಗೆಮನೆಯದ್ದರ ಹಿಂದೆ ಕಾಲುವೆ. ಎರಡನೆಯದರಿಂದ ಶಾಲೆ 1.9 ಕಿಲೋಮೀಟರ್. ಮೂರನೆಯದರ ಅಡುಗೆಮನೆ ಸಣ್ಣದು, ಶಾಲೆ 400 ಮೀಟರ್, ನಡುವೆ ಆಟದ ಮೈದಾನ. ರಿಜಿಸ್ಟ್ರೇಷನ್ ಆಗುತ್ತಾ ಅಂತ ಏಜೆಂಟ್‌ಗೆ ಮೇಲ್ ಹಾಕಿದ್ದಾನೆ. ಅವರ ಆಫೀಸು ತೆರೆಯುವುದು ನಮ್ಮ ಮಧ್ಯಾಹ್ನಕ್ಕೆ, ಉತ್ತರಕ್ಕೆ ಕಾಯ್ತಾ ಇದ್ದೀವಿ.